‘ಗೊರಿಲ್ಲಾ’ ಅಂತ ಕರೆಯೋದು ಹೊಗಳಿಕೆನಾ, ಬೈಗುಳನಾ? ಇಂಗ್ಲಿಷ್ ಗೊತ್ತಿರೋರು ಹೇಳಿ

ಕಾವೇರಿಕರೆ (ವಿರಾಜಪೇಟೆ)

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನ ಮಗ ಒಂಬತ್ತನೇ ಕ್ಲಾಸು. ಹಾಕಿಯಲ್ಲಿ ಬ್ಯಾಕ್ ಆಡ್ತಾನೆ. ವಯಸ್ಸಿಗೆ ಮೀರಿದ ಮೈಕಟ್ಟು, ಸ್ವಲ್ಪ ಕಪ್ಪು, ಮಾತು ಕಡಿಮೆ. ಬೇಸಿಗೆ ಕ್ಯಾಂಪಿನಲ್ಲಿ ಯಾರೋ ಅವನಿಗೆ ‘ಗೊರಿಲ್ಲಾ’ ಅಂತ ಹೆಸರಿಟ್ಟರು. ಈಗ ಮೈದಾನದ ಸುತ್ತ ಕೂತ ದೊಡ್ಡವರೂ ಹಾಗೇ ಕೂಗ್ತಾರೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅಣ್ಣ ಹೇಳೋದು, “ಇಂಗ್ಲಿಷಲ್ಲಿ ಗೊರಿಲ್ಲಾ ಅಂದ್ರೆ ಶಕ್ತಿವಂತ. ಮೊಬೈಲ್ ಗ್ಲಾಸಿಗೂ ಅದೇ ಹೆಸರಿಟ್ಟಿಲ್ವಾ?” ಅತ್ತಿಗೆಗೆ ಹಿಡಿಸಿಲ್ಲ. ಹುಡುಗ ಬಾಯಿ ಬಿಟ್ಟು ಏನೂ ಹೇಳಲ್ಲ, ಆದರೆ ಟೀಮ್ ಫೋಟೋಗೆ ನಿಲ್ಲೋದು ಬಿಟ್ಟಿದ್ದಾನೆ. ಇಂಗ್ಲಿಷಿನವರು ದಿನನಿತ್ಯ ಈ ಪದವನ್ನ ಯಾವ ಅರ್ಥದಲ್ಲಿ ಬಳಸ್ತಾರೆ? ಬಲ್ಲವರು ಬಿಡಿಸಿ ಹೇಳಿದರೆ ಅಣ್ಣನಿಗೆ ತೋರಿಸಬೇಕು ಅಂತಿದ್ದೀನಿ.

ತೋಟದಮನೆ (ಸಿದ್ದಾಪುರ)

ಅಕ್ಕ, ಇದನ್ನ ತುಂಬಾ ಮನಸ್ಸಿಗೆ ಹಚ್ಕೋಬೇಡಿ. ನಮ್ಮ ಒಕ್ಕದ (ಮನೆತನದ) ಟೀಮಲ್ಲೇ ಒಬ್ಬ ‘ಕಾಟಿ’, ಇನ್ನೊಬ್ಬ ‘ಆನೆ’. ಕಾಡಿನ ದೊಡ್ಡ ಪ್ರಾಣಿಯ ಹೆಸರು ಸಿಕ್ಕಿತು ಅಂದ್ರೆ ಎದುರಾಳಿ ಹೆದರ್ತಾನೆ ಅಂತ ಅರ್ಥ. 1997ರಲ್ಲಿ ಕರಡದಲ್ಲಿ ಒಕ್ಕಗಳ ಹಾಕಿ ಹಬ್ಬ ಶುರುವಾದಾಗಿಂದ ನೋಡ್ತಿದ್ದೀನಿ, ಅಡ್ಡಹೆಸರಿಲ್ಲದ ಬ್ಯಾಕ್ ಆಟಗಾರ ಅಪರೂಪ.

ಮಡಿಕೇರಿ_ಮಂಜು

ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನು ನಾನು. ಕಾಟಿ, ಆನೆಗೂ ಗೊರಿಲ್ಲಾಕ್ಕೂ ವ್ಯತ್ಯಾಸ ಇದೆ, ಅದನ್ನ ವಿವರವಾಗಿಯೇ ಹೇಳ್ತೀನಿ.

ಇಂಗ್ಲಿಷಿನಲ್ಲಿ ಮನುಷ್ಯನೊಬ್ಬನನ್ನ ಗೊರಿಲ್ಲಾ ಅಂದರೆ ಮೊದಲ ಅರ್ಥ ರೌಡಿ, ಬಾಡಿಗೆ ಗೂಂಡಾ, ಬುದ್ಧಿ ಇಲ್ಲದ ಒರಟ. ಸಾಲ ವಸೂಲಿಗೆ ಕಳಿಸುವ ದಾಂಡಿಗರನ್ನ ಅಮೆರಿಕದ ಆಡುಮಾತಿನಲ್ಲಿ ಹಾಗೆ ಕರೀತಾರೆ. ಮೆಚ್ಚುಗೆಗೆ ಹಾಗನ್ನೋದು ಬಹಳ ಕಡಿಮೆ, ಅದೂ ತೀರಾ ಸಲಿಗೆ ಇದ್ದವರ ನಡುವೆ.

ಇನ್ನೊಂದು ಬಳಕೆ ‘ಎಂಟುನೂರು ಪೌಂಡ್ ಗೊರಿಲ್ಲಾ’. ಇದು ಒಂದು ಒಗಟಿನಿಂದ ಬಂದದ್ದು. ಎಂಟುನೂರು ಪೌಂಡಿನ ಗೊರಿಲ್ಲಾ ಎಲ್ಲಿ ಮಲಗುತ್ತೆ? ತನಗೆ ಎಲ್ಲಿ ಇಷ್ಟವೋ ಅಲ್ಲಿ. ಪೇಟೆಯನ್ನೆಲ್ಲ ತನ್ನ ಮುಷ್ಟಿಯಲ್ಲಿಟ್ಟುಕೊಂಡ, ಯಾರ ಮಾತಿಗೂ ಬಗ್ಗದ ಕಂಪನಿಗೆ ವ್ಯಾಪಾರದ ಪತ್ರಿಕೆಗಳು ಈ ಮಾತು ಬಳಸ್ತವೆ. ಎಂಟುನೂರು ಪೌಂಡ್ ಅಂದ್ರೆ ಸುಮಾರು 363 ಕಿಲೋ. ಕಾಡಿನ ಗಂಡು ಗೊರಿಲ್ಲಾ ಅದರ ಅರ್ಧದ ಆಸುಪಾಸು ತೂಗುತ್ತೆ. ಎಲ್ಲರಿಗೂ ಕಾಣ್ತಿದ್ದರೂ ಯಾರೂ ಬಾಯಿ ಬಿಡದ ಸಮಸ್ಯೆಗೆ ‘ಕೋಣೆಯೊಳಗಿನ ಆನೆ’ ಅನ್ನೋ ಮಾತಿದೆ. ಕೆಲವರು ಎರಡನ್ನೂ ಬೆರೆಸಿ ‘ಕೋಣೆಯೊಳಗಿನ ಗೊರಿಲ್ಲಾ’ ಅಂತಾರೆ.

ಪದದ ಮೂಲ ನೋಡಿದರೆ ಸಂಕಟ ಆಗುತ್ತೆ. ಎರಡೂವರೆ ಸಾವಿರ ವರ್ಷದ ಹಿಂದೆ ಉತ್ತರ ಆಫ್ರಿಕಾದ ಕಾರ್ತೇಜ್ ನಗರದ ಹನ್ನೋ ಎಂಬ ನಾವಿಕ ಆಫ್ರಿಕಾದ ಪಶ್ಚಿಮ ಕರಾವಳಿಯಲ್ಲಿ ಇಳಿದು ಹೋಗಿದ್ದ. ಅವನ ಪ್ರಯಾಣದ ಗ್ರೀಕ್ ವರದಿಯಲ್ಲಿ, ಒಂದು ದ್ವೀಪದಲ್ಲಿ ಮೈತುಂಬ ಕೂದಲಿನ ‘ಗೊರಿಲ್ಲಾಯ್’ ಎಂಬವರಿದ್ದರು, ಹೆಚ್ಚಿನವರು ಹೆಂಗಸರು ಅಂತ ಬರುತ್ತೆ. ಮೂವರು ಹೆಂಗಸರನ್ನ ಹಿಡಿದರಂತೆ. ಅವರು ಕಚ್ಚಿ, ಪರಚಿ, ಜೊತೆಗೆ ಬರೋಕೆ ಒಪ್ಪಲಿಲ್ಲ. ಕೊಂದು, ಚರ್ಮ ಸುಲಿದು ಕಾರ್ತೇಜಿಗೆ ಒಯ್ದರು. ಅವರು ಮನುಷ್ಯರೋ ವಾನರರೋ ಇವತ್ತಿಗೂ ಇತ್ಯರ್ಥ ಆಗಿಲ್ಲ. 1847ರಲ್ಲಿ ಅಮೆರಿಕದ ಮಿಷನರಿ ವೈದ್ಯ ಥಾಮಸ್ ಸ್ಯಾವೇಜ್ ಮತ್ತು ಅಂಗರಚನಾ ತಜ್ಞ ಜೆಫ್ರಿಸ್ ವೈಮನ್, ಗ್ಯಾಬನ್ ನದಿಯ ಕಡೆ ಸಿಕ್ಕ ತಲೆಬುರುಡೆ, ಮೂಳೆಗಳನ್ನ ನೋಡಿ ಈ ಪ್ರಾಣಿಯನ್ನ ವರ್ಣಿಸಿದಾಗ ಅದೇ ಹಳೆಯ ಹೆಸರು ಕೊಟ್ಟರು.

1861ರಲ್ಲಿ ಪಾಲ್ ದು ಶಾಯು ಎಂಬ ಬೇಟೆಗಾರ ಲಂಡನ್ನಿನಲ್ಲಿ ಪುಸ್ತಕ ತಂದು, ಗೊರಿಲ್ಲಾ ನರಕದಿಂದ ಎದ್ದುಬಂದ ಭೂತ ಅನ್ನೋ ಹಾಗೆ ಬಣ್ಣಿಸಿದ. ಜನರ ತಲೆಯಲ್ಲಿ ಆ ಚಿತ್ರವೇ ನಿಂತಿತು. ಅದೇ ವರ್ಷಗಳಲ್ಲಿ ಅಬ್ರಹಾಂ ಲಿಂಕನ್ನರನ್ನ ವಿರೋಧಿಗಳು ಗೊರಿಲ್ಲಾ ಅಂತ ಆಡಿಕೊಂಡರು. ಹಾಗಂದವರಲ್ಲಿ ಎಡ್ವಿನ್ ಸ್ಟಾಂಟನ್ ಒಬ್ಬರು ಅಂತ ಲಿಂಕನ್ನರ ಸೇನೆಯ ಜನರಲ್ ಮೆಕ್ಲೆಲನ್ ತಮ್ಮ ನೆನಪಿನ ಪುಸ್ತಕದಲ್ಲಿ ಬರೆದಿದ್ದಾರೆ. 1862ರಲ್ಲಿ ಲಿಂಕನ್ ಅದೇ ಸ್ಟಾಂಟನ್ನರನ್ನ ಯುದ್ಧ ಮಂತ್ರಿ ಮಾಡಿಕೊಂಡರು.

ಹೀಗಾಗಿ ಕಾವೇರಿಕರೆ ಅವರೇ, ನಿಮ್ಮ ಅತ್ತಿಗೆಯ ಮನಸ್ಸಿಗೆ ಬಂದದ್ದೇ ಸರಿ.

ಪೊನ್ನಂಪೇಟೆ_ಕಾಡು

ಸರ್ ಪದದ ಬಗ್ಗೆ ಹೇಳಿದರು. ನಾನು ಅರಣ್ಯಶಾಸ್ತ್ರದ ವಿದ್ಯಾರ್ಥಿನಿ, ಪ್ರಾಣಿಯ ಬಗ್ಗೆ ಹೇಳ್ತೀನಿ. ಏಕೆಂದರೆ ರೌಡಿ ಅನ್ನೋ ಅರ್ಥ ಆ ಪ್ರಾಣಿಗೂ ಮಾಡಿದ ಅನ್ಯಾಯ.

ಗೊರಿಲ್ಲಾದಲ್ಲಿ ಎರಡು ಪ್ರಭೇದ. ಪಶ್ಚಿಮದ್ದು ಕ್ಯಾಮರೂನ್, ಗ್ಯಾಬನ್, ಕಾಂಗೋ ಕಡೆಯ ಮಳೆಕಾಡಿನದು. ಪೂರ್ವದ್ದು ರುವಾಂಡಾ, ಉಗಾಂಡಾ ಮತ್ತು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಪೂರ್ವ ಭಾಗದ್ದು. ಒಂದೊಂದರಲ್ಲೂ ಎರಡೆರಡು ಉಪಪ್ರಭೇದ, ಪೂರ್ವದ್ದರಲ್ಲಿ ಬೆಟ್ಟದ ಗೊರಿಲ್ಲಾ ಮತ್ತು ಗ್ರೌವರ್ ಗೊರಿಲ್ಲಾ. ನೈಜೀರಿಯಾ–ಕ್ಯಾಮರೂನ್ ಗಡಿಯ ಕ್ರಾಸ್ ರಿವರ್ ಗೊರಿಲ್ಲಾ 300ಕ್ಕಿಂತ ಕಡಿಮೆ ಉಳಿದಿವೆ.

ಆಹಾರ ಎಲೆ, ದಂಟು, ಬಿದಿರಿನ ಕಳಲೆ, ತೊಗಟೆ, ಹಣ್ಣು. ಕೆಲವು ಕಡೆ ಇರುವೆ, ಗೆದ್ದಲು. ದೊಡ್ಡ ಗಂಡು ದಿನಕ್ಕೆ ಹದಿನೆಂಟು ಇಪ್ಪತ್ತು ಕಿಲೋ ಸೊಪ್ಪು ತಿನ್ನುತ್ತೆ. ಅಷ್ಟು ಸೊಪ್ಪು ಅರಗಿಸಬೇಕಾದ್ದರಿಂದಲೇ ಆ ಹೊಟ್ಟೆ. ದಿನದ ಬಹುಪಾಲು ತಿನ್ನೋದು, ಮಲಗೋದು. ಸಂಜೆಯಾದರೆ ಪ್ರತಿಯೊಂದೂ ಕೊಂಬೆ, ಸೊಪ್ಪು ಬಗ್ಗಿಸಿ ಹೊಸ ಹಾಸಿಗೆ ಮಾಡಿಕೊಳ್ಳುತ್ತೆ. ಮರಿ ತಾಯಿಯ ಹಾಸಿಗೆಯಲ್ಲಿ.

ಗಂಡಿಗೆ ಹನ್ನೆರಡು ವರ್ಷ ದಾಟುತ್ತಿದ್ದಂತೆ ಬೆನ್ನ ಮೇಲೆ ಬೆಳ್ಳಿ ಬಣ್ಣದ ಕೂದಲು ಬರುತ್ತೆ. ಗುಂಪು ಎಲ್ಲಿಗೆ ಹೋಗಬೇಕು, ಯಾವಾಗ ನಿಲ್ಲಬೇಕು ಅನ್ನೋದೆಲ್ಲ ಅವನದೇ ತೀರ್ಮಾನ. ಎದೆ ಬಡಿದುಕೊಳ್ಳೋದು ಮುಷ್ಟಿಯಿಂದ ಅಲ್ಲ, ಬೊಗಸೆ ಮಾಡಿದ ಅಂಗೈಯಿಂದ. ಮೈ ದೊಡ್ಡದಾದಷ್ಟೂ ಆ ಸದ್ದು ಗಡಸಾಗುತ್ತೆ ಅಂತ 2021ರಲ್ಲಿ ರುವಾಂಡಾದ ಬೆಟ್ಟದ ಗೊರಿಲ್ಲಾಗಳ ಧ್ವನಿ ಅಳೆದು ತೋರಿಸಿದ್ದಾರೆ. ದೂರದಲ್ಲಿರೋ ಇನ್ನೊಂದು ಗಂಡು ಆ ಸದ್ದು ಕೇಳಿಯೇ ಎದುರಾಳಿಯ ಗಾತ್ರ ಅಂದಾಜು ಮಾಡಬಹುದು, ಹೊಡೆದಾಟ ತಪ್ಪುತ್ತೆ.

ಹಾಗಂತ ಸಾಧು ಅಂತಲೂ ಬರೆಯಲ್ಲ. ಹೊರಗಿನ ಗಂಡು ಗುಂಪಿಗೆ ನುಗ್ಗಿದರೆ ಹಾಲು ಕುಡಿಯೋ ಮರಿಗಳನ್ನ ಕೊಲ್ಲೋದಿದೆ. ಗಂಡು ಗಂಡು ಕಾದಾಡಿ ಸಾಯೋದೂ ಇದೆ. ಆದರೆ ತಾಯಿ ಸತ್ತ ಮರಿಯನ್ನ ಅದೇ ಬೆಳ್ಳಿಬೆನ್ನಿನ ಗಂಡು ರಾತ್ರಿ ತನ್ನ ಹಾಸಿಗೆಯಲ್ಲಿ ಮಲಗಿಸಿಕೊಳ್ಳೋದನ್ನ ಕರಿಸೋಕೆ ಕೇಂದ್ರದವರು ದಾಖಲೆ ಮಾಡಿದ್ದಾರೆ. 1967ರಲ್ಲಿ ಗೊರಿಲ್ಲಾ ಸಂಶೋಧಕಿ ಡಯಾನ್ ಫಾಸಿ ರುವಾಂಡಾದಲ್ಲಿ ಕಟ್ಟಿದ ಕೇಂದ್ರ ಅದು. ಆಕೆಗೆ ಪ್ರಿಯವಾಗಿದ್ದ ‘ಡಿಜಿಟ್’ ಎಂಬ ಗಂಡು 1977ರಲ್ಲಿ ಕಳ್ಳಬೇಟೆಯವರಿಗೆ ಅಡ್ಡ ನಿಂತು ಸತ್ತಿತು, ಅಷ್ಟರಲ್ಲಿ ಗುಂಪಿನ ಉಳಿದವು ತಪ್ಪಿಸಿಕೊಂಡವು. ಫಾಸಿ ಕೂಡ 1985ರಲ್ಲಿ ಅಲ್ಲೇ ಕೊಲೆಯಾದರು.

1986ರಲ್ಲಿ ಜೆರ್ಸಿ ದ್ವೀಪದ ಮೃಗಾಲಯದಲ್ಲಿ ಐದು ವರ್ಷದ ಹುಡುಗ ಗೊರಿಲ್ಲಾ ಆವರಣದೊಳಗೆ ಬಿದ್ದು ಪ್ರಜ್ಞೆ ತಪ್ಪಿದ. ಜಾಂಬೋ ಎಂಬ ಗಂಡು ಅವನಿಗೂ ಉಳಿದ ಗೊರಿಲ್ಲಾಗಳಿಗೂ ನಡುವೆ ಕಾವಲು ನಿಂತು ಬೆನ್ನು ಸವರಿತು. ಹತ್ತು ವರ್ಷದ ಮೇಲೆ ಶಿಕಾಗೋ ಹತ್ತಿರದ ಬ್ರೂಕ್‌ಫೀಲ್ಡ್‌ನಲ್ಲಿ ಬಿಂಟಿ ಜುವಾ ಎಂಬ ಹೆಣ್ಣು, ಬಿದ್ದ ಮಗುವನ್ನ ಎತ್ತಿಕೊಂಡು ಬಾಗಿಲ ಹತ್ತಿರ ತಂದಿತು. ಅವಳ ಬೆನ್ನ ಮೇಲೆ ಅವಳದೇ ಮರಿ ಇತ್ತು. 2016ರಲ್ಲಿ ಅಮೆರಿಕದ ಸಿನ್ಸಿನಾಟಿ ಮೃಗಾಲಯದಲ್ಲಿ ಹರಾಂಬೆ ಎಂಬ ಗಂಡನ್ನ ಮಾತ್ರ ಗುಂಡಿಟ್ಟು ಕೊಲ್ಲಬೇಕಾಯಿತು. ಅದು ಆವರಣಕ್ಕೆ ಬಿದ್ದ ಮಗುವನ್ನ ನೀರಲ್ಲಿ ಎಳೆದಾಡಿತ್ತು, ಅರಿವಳಿಕೆ ಮದ್ದು ಹಿಡಿಯೋಕೆ ನಿಮಿಷಗಟ್ಟಲೆ ಬೇಕು, ಕಾಯೋಕೆ ಆಗ್ತಿರಲಿಲ್ಲ. ಆ ಸಾವನ್ನ ಜನ ಇಂಟರ್ನೆಟ್ಟಲ್ಲಿ ವರ್ಷಗಟ್ಟಲೆ ತಮಾಷೆಗೆ ಬಳಸಿದ್ದು ನನಗೆ ಇವತ್ತಿಗೂ ನೋವು.

ಗೋಣಿಕೊಪ್ಪ_ಮೊಬೈಲ್

ಅಂಗಡಿಯಲ್ಲಿ ದಿನಾ ಹೇಳೋ ಪದ ಇದು. “ಗೊರಿಲ್ಲಾ ಗ್ಲಾಸ್ ಇದೆಯಾ?” ಅಂತಾನೇ ಗಿರಾಕಿ ಕೇಳೋದು. ಕಾರ್ನಿಂಗ್ ಅನ್ನೋ ಅಮೆರಿಕದ ಕಂಪನಿಯ ಗಾಜು ಅದು, 2007ರ ಮೊದಲ ಐಫೋನಿನಿಂದ ಹೆಸರಾಯಿತು. ಬಿಸಿಯಾದ ಪೊಟ್ಯಾಸಿಯಂ ಉಪ್ಪಿನ ದ್ರವದಲ್ಲಿ ಗಾಜನ್ನ ಅದ್ದುತ್ತಾರೆ. ಗಾಜಿನ ಮೇಲ್ಪದರದ ಸಣ್ಣ ಸೋಡಿಯಂ ಅಯಾನುಗಳು ಹೊರಬಂದು, ಆ ಜಾಗದಲ್ಲಿ ದೊಡ್ಡ ಪೊಟ್ಯಾಸಿಯಂ ಅಯಾನು ಕೂರುತ್ತೆ. ಒಂದನ್ನೊಂದು ಒತ್ತಿಕೊಂಡು ಮೇಲ್ಮೈ ಬಿಗಿಯಾಗುತ್ತೆ. ಅದೇ ಹೆಸರಿನ ಅಂಟು, ಟೇಪು ಕೂಡ ಬರ್ತವೆ. ಇಲ್ಲೆಲ್ಲ ಗಟ್ಟಿ ಅನ್ನೋ ಒಳ್ಳೆ ಅರ್ಥವೇ ಅಲ್ವಾ ಸರ್?

ಮಡಿಕೇರಿ_ಮಂಜು

ಹೌದು, ವಸ್ತುವಿಗೆ ಇಟ್ಟರೆ ಗಟ್ಟಿತನ. ಮನುಷ್ಯನಿಗೆ ಇಟ್ಟರೆ ಬಲದ ಜೊತೆ ಬುದ್ಧಿ ಇಲ್ಲ ಅನ್ನೋದೂ ಅಂಟಿಕೊಂಡೇ ಬರುತ್ತೆ. ಹುಡುಗನ ಅಪ್ಪನಿಗೆ ಇಷ್ಟು ಹೇಳಿದರೆ ಸಾಕು.

ಪೊನ್ನಂಪೇಟೆ_ಕಾಡು

ಮೊಬೈಲ್ ಅಣ್ಣ, ನಿಮ್ಮ ಅಂಗಡಿಯ ಫೋನಿಗೂ ಗೊರಿಲ್ಲಾಕ್ಕೂ ಇನ್ನೊಂದು ನಂಟಿದೆ. ಫೋನಿನೊಳಗಿನ ಕೆಪಾಸಿಟರ್ ಅನ್ನೋ ಪುಟ್ಟ ಬಿಡಿಭಾಗಕ್ಕೆ ಟ್ಯಾಂಟಲಮ್ ಎಂಬ ಲೋಹ ಬೇಕು. ಅದರ ಅದಿರು ಕೋಲ್ಟಾನ್, ಕಾಂಗೋದ ಪೂರ್ವ ಭಾಗದಲ್ಲಿ ಸಿಗುತ್ತೆ. ಗ್ರೌವರ್ ಗೊರಿಲ್ಲಾ ಇರೋದೂ ಅಲ್ಲೇ, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1990ರ ದಶಕದಿಂದ ಅಲ್ಲಿ ಯುದ್ಧ. ಶಸ್ತ್ರಧಾರಿ ಗುಂಪುಗಳು ಗಣಿ ಹಿಡಿದುಕೊಂಡವು, ಕಾಡಿನೊಳಗೆ ಬೀಡುಬಿಟ್ಟ ಗಣಿಗಾರರು ಹೊಟ್ಟೆಗೆ ಕಾಡುಮಾಂಸ ಹುಡುಕಿದರು. ಯುದ್ಧಕ್ಕೆ ಮೊದಲು 17,000ದಷ್ಟಿದ್ದವು ಅನ್ನೋ ಅಂದಾಜಿತ್ತು, 2021ರ ಲೆಕ್ಕದಲ್ಲಿ ಸುಮಾರು 6,800. ಕೆಟ್ಟ ಫೋನು ಮನೆಯ ಡ್ರಾಯರಿನಲ್ಲಿ ಕೊಳೆಯೋ ಬದಲು ಮರುಬಳಕೆಗೆ ಹೋಗೋ ಹಾಗೆ ನಿಮ್ಮಂಥ ಅಂಗಡಿಯವರು ಒಂದು ಡಬ್ಬ ಇಟ್ಟರೆ ಒಳ್ಳೆಯದು.

ಗೋಣಿಕೊಪ್ಪ_ಮೊಬೈಲ್

ಡಬ್ಬ ಇಡ್ತೀನಿ. ಸರಿಯಾದ ಕಡೆಗೆ ಕಳಿಸೋದು ಹೇಗೆ ಅಂತ ಮೆಸೇಜ್ ಮಾಡಿ.

ಸಂಪಾಜೆ_ಘಾಟಿ

ನನ್ನದೊಂದು ಹಳೇ ಸಂಕಟ ಇಲ್ಲಿ ಹೇಳ್ಕೋತೀನಿ. ನಮ್ಮ ಕಡೆ ಬ್ರಿಟಿಷರ ವಿರುದ್ಧ ನಡೆದ 1837ರ ಹೋರಾಟದ ಬಗ್ಗೆ ಕರಪತ್ರ, ಬ್ಯಾನರ್, ಮಕ್ಕಳ ಭಾಷಣ ಎಲ್ಲದರಲ್ಲೂ ‘ಗೊರಿಲ್ಲಾ ಯುದ್ಧ’ ಅಂತ ಬರೀತಾರೆ. ಒಬ್ಬ ಹುಡುಗ ನನ್ನನ್ನೇ ಕೇಳಿದ, “ಮಾವ, ನಮ್ಮವರು ಗೊರಿಲ್ಲಾ ಸಾಕಿದ್ರಾ?” ಅಂತ. ಸರ್, ಇದನ್ನ ಒಂದು ಸಲ ಬರೆದುಬಿಡಿ.

ಮಡಿಕೇರಿ_ಮಂಜು

ಅದು ಬೇರೆಯೇ ಪದ. ಸ್ಪ್ಯಾನಿಷ್‌ನಲ್ಲಿ ಗೆರ್ರಾ ಅಂದರೆ ಯುದ್ಧ, ಗೆರಿಲ್ಲಾ ಅಂದರೆ ಚಿಕ್ಕ ಯುದ್ಧ. 1808ರಲ್ಲಿ ನೆಪೋಲಿಯನ್ ಸೇನೆ ಸ್ಪೇನ್ ಹಿಡಿದಾಗ ಹಳ್ಳಿಯವರು ಸಣ್ಣ ಸಣ್ಣ ತಂಡ ಕಟ್ಟಿಕೊಂಡು ಹೊಂಚು ಹಾಕಿ ಹೊಡೆದರು. ಅಲ್ಲಿಂದ ಇಂಗ್ಲಿಷಿಗೆ ಬಂತು. ಇಂಗ್ಲಿಷಿನವರ ಬಾಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕೇಳುತ್ತೆ, ಕಿವಿಗೆ ಬಿದ್ದಂತೆ ಬರೆದುಕೊಂಡದ್ದರಿಂದ ನಮ್ಮಲ್ಲಿ ಎರಡೂ ಒಂದಾದವು. ಹೋಂಸ್ಟೇಯವರು ಹೇಳೋ ‘ಗೊರಿಲ್ಲಾ ಮಾರ್ಕೆಟಿಂಗ್’ ಕೂಡ ಗೆರಿಲ್ಲಾನೇ. ಕಡಿಮೆ ಖರ್ಚಿನಲ್ಲಿ ಅನಿರೀಕ್ಷಿತ ಕಡೆಯಿಂದ ಜನರ ಗಮನ ಸೆಳೆಯೋದು ಅಂತ ಅರ್ಥ.

ಕನ್ನಡದಲ್ಲಿ ಹೊಂಚುಯುದ್ಧ ಅಂತ ಬರೆದರೂ ಚೆನ್ನಾಗಿರುತ್ತೆ.

ಸಂಪಾಜೆ_ಘಾಟಿ

ಧನ್ಯವಾದ ಸರ್. ಒಂದು ಮಾತು ಸೇರಿಸ್ತೀನಿ. 1837ರದ್ದು ಬಹುಪಾಲು ಬಹಿರಂಗ ದಂಡಯಾತ್ರೆ. ಸುಳ್ಯ ಕಡೆಯಿಂದ ಹೊರಟು ಮಂಗಳೂರಿನವರೆಗೆ ಹೋಗಿ ಬಾವುಟ ಹಾರಿಸಿದರು. ಅದೇ ವರ್ಷ ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯ ಗೌಡರನ್ನ ಮಡಿಕೇರಿ ಕೋಟೆಯಲ್ಲಿ ಎಲ್ಲರೆದುರು ಗಲ್ಲಿಗೇರಿಸಿದರು. ಹೊಂಚುಯುದ್ಧ ಅನ್ನೋ ಮಾತು ಅದಕ್ಕಿಂತ ಹೈದರ್, ಟಿಪ್ಪು ಕಾಲದ ಕೊಡಗಿಗೆ ಹೆಚ್ಚು ಒಪ್ಪುತ್ತೆ. ದಟ್ಟ ಕಾಡು, ಕಿರುದಾರಿ, ಬೆಟ್ಟದ ಉದ್ದಕ್ಕೂ ತೋಡಿದ ಕಡಂಗ ಅನ್ನೋ ಕಂದಕ. ದೊಡ್ಡ ಸೇನೆಗೆ ಇಲ್ಲಿ ಸಾಲುಗಟ್ಟಿ ನಿಲ್ಲೋಕೆ ಜಾಗವೇ ಇರಲಿಲ್ಲ. ಇಂಥ ಹಿರಿಯರ ನೆನಪಿನ ಬ್ಯಾನರಿನಲ್ಲಾದರೂ ಪದ ಸರಿಯಾಗಿರಬೇಕು ಅನ್ನೋದು ನನ್ನ ಆಸೆ.

ಅಮ್ಮತ್ತಿ_ರೈಟರ್

ಗೊರಿಲ್ಲಾ ಅಂದಾಗ ನನಗೆ ನೆನಪಾಗೋದು ಒಂದು ಪ್ರಯೋಗ. ಹಾರ್ವರ್ಡಿನಲ್ಲಿ ಡೇನಿಯಲ್ ಸೈಮನ್ಸ್, ಕ್ರಿಸ್ಟೋಫರ್ ಶಾಬ್ರಿ ಮಾಡಿದ್ದು, 1999ರಲ್ಲಿ ಪ್ರಕಟವಾಯಿತು. ಬಿಳಿ ಅಂಗಿಯವರು ಚೆಂಡನ್ನ ಎಷ್ಟು ಸಲ ದಾಟಿಸಿದರು ಎಣಿಸಿ ಅಂತ ವಿಡಿಯೋ ತೋರಿಸ್ತಾರೆ. ನಡುವೆ ಗೊರಿಲ್ಲಾ ವೇಷದವರೊಬ್ಬರು ಬಂದು, ಎದೆ ಬಡಿದುಕೊಂಡು ಹೋಗ್ತಾರೆ. ನೋಡಿದವರಲ್ಲಿ ಹತ್ತಿರತ್ತಿರ ಅರ್ಧ ಜನಕ್ಕೆ ಅದು ಕಂಡೇ ಇಲ್ಲ.

ಕಾಫಿ ತೋಟದಲ್ಲಿ ಕುಯ್ಲಿನ ಕಾಲಕ್ಕೆ ಇದು ಜೀವದ ಪ್ರಶ್ನೆ. ಹಣ್ಣಿನ ಮೇಲೆ ಕಣ್ಣಿಟ್ಟು ಕೈ ಓಡಿಸುವವರಿಗೆ ಹತ್ತು ಮಾರು ದೂರದ ಸಿಲ್ವರ್ ಮರದ ಹಿಂದೆ ನಿಂತ ಆನೆ ಕಾಣಲ್ಲ. ಅವರ ಅಜಾಗರೂಕತೆ ಅಂತ ಬೈಯೋದು ತಪ್ಪು. ಮನುಷ್ಯನ ಗಮನ ಇರೋದೇ ಹಾಗೆ. ಆನೆ ಇಳಿದ ಸುದ್ದಿ ಇದ್ದ ದಿನ ಕುಯ್ಯುವ ಕೆಲಸ ಕೊಡದೆ, ನೋಡೋದಕ್ಕೆ ಅಂತಲೇ ಒಬ್ಬರನ್ನ ನಿಲ್ಲಿಸಬೇಕು. ಎಲ್ಲ ಮಾಲೀಕರೂ ಇದನ್ನ ಮಾಡಬೇಕು ಅಂತ ಕೈಮುಗಿದು ಕೇಳ್ತೀನಿ.

ಸುಂಟಿಕೊಪ್ಪ_7

ನಾನು ಫುಟ್ಬಾಲ್ ಕಡೆಯವನು. ಇನ್ನೂ ಯಾರೂ ಎತ್ತದ ವಿಷಯ ಒಂದಿದೆ. ಕಪ್ಪು ಮೈಬಣ್ಣದವರನ್ನ ಗೊರಿಲ್ಲಾ ಅನ್ನೋದು ಇಂಗ್ಲಿಷ್ ಆಡುವ ದೇಶಗಳಲ್ಲಿ ಅತ್ಯಂತ ಕೀಳು ಜನಾಂಗೀಯ ನಿಂದನೆ. ಗುಲಾಮಗಿರಿಯ ಕಾಲದಿಂದ, ಆಫ್ರಿಕಾದವರು ಪೂರ್ತಿ ಮನುಷ್ಯರಲ್ಲ ಅಂತ ಸಾಧಿಸೋಕೆ ವಾನರರ ಹೋಲಿಕೆ ಬಳಸಿದರು. ಯುರೋಪಿನ ಮೈದಾನಗಳಲ್ಲಿ ಇವತ್ತಿಗೂ ಕಪ್ಪು ಆಟಗಾರರನ್ನ ನೋಡಿ ಮಂಗನ ಕೂಗು ಹಾಕುವವರಿದ್ದಾರೆ, ಪಂದ್ಯ ನಿಂತದ್ದೂ ಇದೆ.

2015ರಲ್ಲಿ ಗೂಗಲ್ ಫೋಟೋಸ್ ಕಪ್ಪು ಜನಾಂಗದ ಇಬ್ಬರ ಚಿತ್ರಕ್ಕೆ ತಾನಾಗಿ ಗೊರಿಲ್ಲಾ ಅಂತ ಹೆಸರು ಹಚ್ಚಿತು. ಕಂಪನಿ ಕ್ಷಮೆ ಕೇಳಿ ಆ ಹೆಸರನ್ನೇ ತೆಗೆದುಹಾಕಿತು. ವರ್ಷಗಳ ಮೇಲೂ ನಿಜವಾದ ಗೊರಿಲ್ಲಾ ಚಿತ್ರವನ್ನೂ ಅದು ಗುರುತಿಸ್ತಿರಲಿಲ್ಲ.

ದೂರದ ಮಾತು ಬೇಡ. ಗಡಿಯಾಚೆ ಕೇರಳದ ಸೆವೆನ್ಸ್ (ತಂಡಕ್ಕೆ ಏಳು ಜನರ ಫುಟ್ಬಾಲ್) ಟೂರ್ನಿಗಳಲ್ಲಿ ಆಫ್ರಿಕಾದ ಹುಡುಗರು ಆಡ್ತಾರೆ. 2024ರ ಮಾರ್ಚಿನಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಐವರಿ ಕೋಸ್ಟ್‌ನ ಆಟಗಾರನೊಬ್ಬನನ್ನ ಪ್ರೇಕ್ಷಕರು ಅಟ್ಟಿಸಿಕೊಂಡು ಹೊಡೆದರು. ತನ್ನನ್ನ ಮಂಗ ಅಂತ ಹೀಯಾಳಿಸಿದರು ಅಂತ ಅವನು ಪೊಲೀಸರಿಗೆ ದೂರು ಕೊಟ್ಟ. ಸಾವಿರಾರು ಮೈಲಿ ದೂರದಿಂದ ಅನ್ನ ದುಡಿಯೋಕೆ ಬಂದವನು.

ಅಕ್ಕ ಬರೆದದ್ದನ್ನ ಮತ್ತೆ ಓದಿ, ‘ಸ್ವಲ್ಪ ಕಪ್ಪು’ ಅಂತ ಇದೆ. ಅದೇ ಮೈಕಟ್ಟಿನ ಬಿಳಿ ಹುಡುಗನಿಗೆ ಈ ಹೆಸರು ಬೀಳ್ತಿತ್ತಾ? ತೋಟದಮನೆ ಅಣ್ಣ, ಕಾಟಿ ಅನ್ನೋದಕ್ಕೂ ಇದಕ್ಕೂ ಇರೋ ಅಂತರ ಇದೇ.

ತೋಟದಮನೆ

ತಮ್ಮ, ಬಣ್ಣದ ಮಾತು ಒಪ್ಪಿದೆ. ಹಾಗಂತ ಯಾರಾದರೂ ಅಡ್ಡಹೆಸರೇ ಬೇಡ ಅಂದರೆ ಮಾತ್ರ ನಾನು ಒಪ್ಪಲ್ಲ. ಇಟ್ಟವರು ಯಾರು, ಇಡಿಸಿಕೊಂಡವನಿಗೆ ಹಿತವೋ ಅಂತ ನೋಡಿದರಾಯಿತು. ಈ ಹುಡುಗನಿಗೆ ಹಿತ ಇಲ್ಲ, ಹಾಗಾಗಿ ನಿಲ್ಲಬೇಕು.

ಪೊನ್ನಂಪೇಟೆಯವರಿಗೆ ಒಂದು ಪ್ರಶ್ನೆ. ಅಲ್ಲಿನ ರೈತರಿಗೆ ಗೊರಿಲ್ಲಾ ಕಾಟ ಇಲ್ವಾ? ನಮಗೆ ಆನೆಯಿಂದ ಬಾಳೆ, ಭತ್ತ, ಕಾಫಿ ಏನೂ ಉಳೀತಿಲ್ಲ.

ಪೊನ್ನಂಪೇಟೆ_ಕಾಡು

ಇದೆ ಅಂಕಲ್. ಉಗಾಂಡಾದ ಬ್ವಿಂಡಿ ಕಾಡಿನ ಅಂಚಿನಲ್ಲಿ ಗೊರಿಲ್ಲಾ ಬಾಳೆ ತೋಟಕ್ಕೆ ಇಳೀತವೆ. ಗೊನೆಗಿಂತ ದಿಂಡಿನ ತಿರುಳೇ ಇಷ್ಟ, ಹಾಗಾಗಿ ಗಿಡವೇ ಹೋಗುತ್ತೆ. ಅಲ್ಲಿ ಊರಿನವರದೇ ಸ್ವಯಂಸೇವಕರ ತಂಡಗಳಿವೆ, ಗಂಟೆ ಬಾರಿಸಿ, ಕೂಗಿ, ನಿಧಾನವಾಗಿ ಕಾಡಿಗೆ ಹಿಂದಿರುಗಿಸ್ತಾರೆ.

ರುವಾಂಡಾದಲ್ಲಿ 2017ರಿಂದ ಗೊರಿಲ್ಲಾ ನೋಡೋಕೆ ವಿದೇಶಿಯರಿಗೆ ತಲೆಗೆ 1,500 ಡಾಲರ್. ಉದ್ಯಾನದ ಪ್ರವಾಸೋದ್ಯಮ ಆದಾಯದಲ್ಲಿ ನೂರಕ್ಕೆ ಹತ್ತು ಪಾಲು ಸುತ್ತಲಿನ ಊರುಗಳ ಶಾಲೆ, ನೀರು, ಆಸ್ಪತ್ರೆಗೆ ಹೋಗಬೇಕು ಅಂತ ನಿಯಮ. ಬೆಟ್ಟದ ಗೊರಿಲ್ಲಾ 1980ರ ದಶಕದ ಆರಂಭದಲ್ಲಿ ವಿರುಂಗಾ ಬೆಟ್ಟಗಳಲ್ಲಿ 250ರಷ್ಟಕ್ಕೆ ಇಳಿದಿದ್ದವು. ಈಚಿನ ಗಣತಿಗಳಲ್ಲಿ ವಿರುಂಗಾ, ಬ್ವಿಂಡಿ ಸೇರಿ 1,063. ಕಾವಲು, ಪಶುವೈದ್ಯರು, ಊರಿನವರ ಪಾಲು ಎಲ್ಲ ಸೇರಿದ್ದರಿಂದ ಆದದ್ದು. ಕಾಡಿನಂಚಿನವರಿಗೆ ಲಾಭದಲ್ಲಿ ಪಾಲು ಸಿಗಬೇಕು ಅನ್ನೋದನ್ನ ನಾವು ಇಲ್ಲೂ ಗಟ್ಟಿಯಾಗಿ ಕೇಳಬೇಕು.

ನಮ್ಮ ಕಾಡಿನ ಕರಿಮುಸುವದ ಬಗ್ಗೆಯೂ ಹೇಳಲೇಬೇಕು. ನೀಲಗಿರಿ ಲಂಗೂರ್ ಅಂತಾರಲ್ಲ, ಅದರ ನೆಲೆ ಉತ್ತರಕ್ಕೆ ಮುಗಿಯೋದೇ ನಮ್ಮ ಶ್ರೀಮಂಗಲ, ಬ್ರಹ್ಮಗಿರಿ ಕಡೆ. ಮಾಂಸದಿಂದ ದಮ್ಮಿಗೆ ಲೇಹ್ಯ ಆಗುತ್ತೆ ಅನ್ನೋ ನಂಬಿಕೆಗೆ ಅದನ್ನ ತಲೆಮಾರುಗಟ್ಟಲೆ ಕೊಂದರು. ಆ ಲೇಹ್ಯದಿಂದ ದಮ್ಮು ವಾಸಿಯಾಗುತ್ತೆ ಅನ್ನೋದಕ್ಕೆ ಯಾವ ಆಧಾರವೂ ಇಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಅದಕ್ಕೆ ರಕ್ಷಣೆ ಇದೆ.

ಕಾವೇರಿಕರೆ

ಎಲ್ಲವನ್ನೂ ಅಣ್ಣನಿಗೆ ಓದಿ ಹೇಳಿದೆ. ಲಿಂಕನ್ ವಿಷಯ, ಫುಟ್ಬಾಲ್ ವಿಷಯ ಕೇಳಿ ಸುಮ್ಮನಾದ. ಮಾರನೇ ದಿನ ತಾನೇ ಹೋಗಿ ಕೋಚ್ ಹತ್ತಿರ ಮಾತಾಡಿದ್ದಾನೆ. ಹುಡುಗ ಡಿಜಿಟ್ ಬಗ್ಗೆ ಬರೆದದ್ದನ್ನ ಪದೇ ಪದೇ ಓದಿ, ನಿಜವಾದ ಗೊರಿಲ್ಲಾ ನೋಡಬೇಕು ಅಂತಿದ್ದಾನೆ. ಮೈಸೂರಲ್ಲಿ ಈಗಲೂ ಇದೆಯಾ?

ಪೊನ್ನಂಪೇಟೆ_ಕಾಡು

2021ರಲ್ಲಿ ಜರ್ಮನಿಯಿಂದ ಥಾಬೋ, ಡೆಂಬಾ ಅನ್ನೋ ಎರಡು ಗಂಡು ಬಂದವು. ಅದಕ್ಕೆ ಮೊದಲು ಡಬ್ಲಿನ್ನಿನಿಂದ ಬಂದಿದ್ದ ಪೋಲೋ ಬಹುಕಾಲ ಒಂಟಿಯಾಗಿದ್ದು 2014ರಲ್ಲಿ ಸತ್ತಿತು. ಗುಂಪಿನಲ್ಲಿ ಬಾಳುವ ಪ್ರಾಣಿಗೆ ಒಂಟಿತನ ದೊಡ್ಡ ಶಿಕ್ಷೆ, ಈಗ ಎರಡಿವೆ ಅನ್ನೋದೇ ಸಮಾಧಾನ. ಮಂಗಳವಾರ ಮೃಗಾಲಯಕ್ಕೆ ರಜೆ. ಎದೆ ಬಡಿದು ತೋರಿಸೋದು, ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸೋದು ಬೇಡ, ಅದನ್ನ ಅವು ಸವಾಲು ಅಂತ ತಿಳೀತವೆ.

ಸುಂಟಿಕೊಪ್ಪ_7

ನಮ್ಮ ಟೂರ್ನಿಗೆ ಕಾಮೆಂಟರಿ ಹೇಳೋರಿಗೆ ಇದನ್ನೆಲ್ಲ ಕಳಿಸಿದ್ದೀನಿ. ಮೈಕಿನಲ್ಲಿ ಆಟಗಾರನ ಹೆಸರು ಇಲ್ಲವೇ ಜೆರ್ಸಿ ನಂಬರ್ ಮಾತ್ರ ಹೇಳಬೇಕು, ಗ್ಯಾಲರಿಯಿಂದ ಬಣ್ಣ ಹಿಡಿದು ಕೂಗಿದರೆ ಆಟ ನಿಲ್ಲಿಸಬೇಕು ಅಂತ ಸಮಿತಿಗೆ ಬರೆದುಕೊಡ್ತಿದ್ದೀವಿ. ಹಾಕಿ ಕಡೆಯವರು ಯಾರಾದರೂ ಸಹಿ ಹಾಕ್ತೀರಾ?

ತೋಟದಮನೆ

ನನ್ನ ಸಹಿ ಹಾಕು. ನಮ್ಮ ಒಕ್ಕದ ಹುಡುಗರದ್ದೂ ತಂದುಕೊಡ್ತೀನಿ.